ಸಂಕೋಚ ಕೇಳುವ ಪೆಟ್ಟಿಗೆ

ಮನುಷ್ಯನ ಸುಳ್ಳನ್ನು ಹಿಡಿಯುವ ಯಂತ್ರ ಮಾಡುತ್ತೇವೆಂದು ಹೊರಟವರು ಬಹಳ ಮಂದಿ. ಎಲ್ಲರೂ ಸೋತರು. ಸುಳ್ಳು ನಮಗೆ ಎಷ್ಟು ಸಲೀಸೆಂದರೆ, ಅದನ್ನು ಹೇಳುವಾಗ ಮೈಯಲ್ಲಿ ಏನೂ ಆಗುವುದಿಲ್ಲ. ಆದರೆ ಸಂಕೋಚವನ್ನು ಹಿಡಿಯಬಹುದು ಎಂಬುದು ಅಕಸ್ಮಾತ್ತಾಗಿ ಗೊತ್ತಾಯಿತು. ಗಂಟಲಿನ ಕಾಯಿಲೆಗಾಗಿ ದನಿ ಪರೀಕ್ಷಿಸುತ್ತಿದ್ದ ಒಂದು ಪ್ರಯೋಗಾಲಯದಲ್ಲಿ, ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯ ಬಾಯಿಗೆ ಬರುವ ಮುಂಚೆ ಗಂಟಲು ಒಂದು ಗಳಿಗೆ ಬಿಗಿಯುತ್ತದೆ ಎಂದು ಕಂಡುಕೊಂಡರು. ಓದಿದವರಾಗಲಿ ಓದದವರಾಗಲಿ, ಯಾವ ಭಾಷೆಯವರೇ ಆಗಲಿ, ಆ ಬಿಗಿತವನ್ನು ಅಡಗಿಸಲು ಆಗುವುದಿಲ್ಲ. ಬಾಯಿ "ಏನೂ ಇಲ್ಲ" ಎಂದರೂ ಅದರ ಹಿಂದಿನ ಉಸಿರು ಸುಮ್ಮನಿರುವುದಿಲ್ಲ.

ಇದು ಇನ್ನೂ ಬರಬೇಕಾದ ಕಾಲದ ಕಥೆ. ಆ ಹೊತ್ತಿಗೆ ಬಂದೂಕಿನ ಪರವಾನಗಿಗೆ ಪೊಲೀಸರು ಮನೆಗೆ ಬರುವುದು, ಚಹಾ ಕುಡಿಯುವುದು, ಪಕ್ಕದ ಮನೆಯವರನ್ನು "ಹೆಂಗೆ ಮನುಷ್ಯ?" ಎಂದು ಕೇಳುವುದು, "ಒಳ್ಳೇವ್ರು ಸಾರ್" ಎಂದು ಬರೆದುಕೊಂಡು ಹೋಗುವುದು ಎಲ್ಲ ನಿಂತಿತ್ತು. ಹೊಸ ಬಂದೂಕುಗಳ ಒಳಗೇ ಒಂದು ಬೀಗ ಇರುತ್ತಿತ್ತು. ದಾವಣಗೆರೆ, ಬಳ್ಳಾರಿಯಂಥ ಊರುಗಳ ಪರಿಶೀಲನಾ ಕೇಂದ್ರದಿಂದ ಸಂಕೇತ ಹೋದರೆ ಮಾತ್ರ ಅದು ಬಿಚ್ಚಿಕೊಳ್ಳುತ್ತಿತ್ತು. ಅಲ್ಲಿಯವರೆಗೆ ಬಂದೂಕು ಕೈಯಲ್ಲಿದ್ದರೂ ಕಬ್ಬಿಣದ ಕೋಲಷ್ಟೇ. ಅರ್ಜಿ ಹಾಕಿದವರ ಮನೆಗೆ ಅಂಚೆಯವರು ಊಟದ ಡಬ್ಬಿಯಷ್ಟು ಗಾತ್ರದ ಪೆಟ್ಟಿಗೆಯೊಂದನ್ನು ತಂದಿಡುತ್ತಿದ್ದರು. ಮನೆಯವರು ಒಬ್ಬೊಬ್ಬರಾಗಿ ಅದರ ಮುಂದೆ ಕೂತು, ಅದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಒಬ್ಬರು ಕೂತಾಗ ಇನ್ನೊಬ್ಬರು ಇರಬಾರದು ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಆದರೆ ಸೊಸೆಯೊಬ್ಬಳನ್ನೇ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿ ಬರುವ ಮನೆ ನಮ್ಮಲ್ಲಿ ಎಲ್ಲಿದೆ? ಎಲ್ಲರೂ ಸುತ್ತ ಕೂತು ನೋಡುತ್ತಿದ್ದರು, ಟೀವಿ ನೋಡಿದ ಹಾಗೆ.

ಯಂತ್ರಕ್ಕೆ ಸಂಕೋಚ ಕೇಳಿಸದಿದ್ದರೆ ಬೀಗ ಅಂದೇ ಬಿಚ್ಚಿಕೊಳ್ಳುತ್ತಿತ್ತು. ಕೇಳಿಸಿದರೆ ಆ ದನಿ ಕೇಂದ್ರಕ್ಕೆ ಹೋಗುತ್ತಿತ್ತು. ಗಂಟಲು ಯಾಕೆ ಬಿಗಿಯಿತು ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲವಲ್ಲ. ಸಾಲ ಮಾಡಿದ್ದಕ್ಕೂ ಇರಬಹುದು, ಮೂಲವ್ಯಾಧಿಗೂ ಇರಬಹುದು, ಇನ್ನೂ ಕೆಟ್ಟದ್ದಕ್ಕೂ ಇರಬಹುದು. ಅದನ್ನು ಮನುಷ್ಯರೇ ಕೇಳಿ ತೀರ್ಮಾನಿಸಬೇಕೆಂದು ಕಾನೂನು. ಹಾಗೆ ಕೇಳುವವರಿಗೆ ಕೇಳುಗರು ಎಂದೇ ಹುದ್ದೆಯ ಹೆಸರು.

ದಾವಣಗೆರೆ ಕೇಂದ್ರ ಶುರುವಾದಾಗ ಅರವತ್ತು ಕೇಳುಗರಿದ್ದರು. ನಿವೃತ್ತರಾದವರ ಜಾಗಕ್ಕೆ ಯಾರೂ ಬರಲಿಲ್ಲ. ಕೆಲವರನ್ನು ಚುನಾವಣೆ ಕೆಲಸಕ್ಕೆ ಕರೆದೊಯ್ದರು, ವಾಪಸ್ ಕಳಿಸಲಿಲ್ಲ. ಈ ಕಥೆಯ ಹೊತ್ತಿಗೆ ಉಳಿದವರು ನಾಲ್ವರು. ಮಿಕ್ಕ ಖುರ್ಚಿಗಳ ಮೇಲೆ ಹೆಲ್ಮೆಟ್ಟು, ಊಟದ ಚೀಲ, ಒಣಗಲು ಬಿಚ್ಚಿಟ್ಟ ಛತ್ರಿಗಳು ಕೂತಿರುತ್ತಿದ್ದವು. ಅರ್ಜಿದಾರರ ಕೂಗು ಜಾಸ್ತಿಯಾಯಿತು, ಪಾಪ ಅವರದ್ದೂ ಸುಳ್ಳಲ್ಲ. ಕಾಡುಹಂದಿಯ ಕಾಟದವರು, ಬ್ಯಾಂಕಿನ ಕಾವಲಿಗೆ ಸೇರಬೇಕಾದವರು ವರ್ಷಗಟ್ಟಲೆ ಕಾದು ಕೂತರು. ಆಗ ಸರ್ಕಾರ ಜನರನ್ನು ನೇಮಿಸಿಕೊಳ್ಳುವ ಬದಲು ಒಂದು ತಿದ್ದುಪಡಿ ಮಾಡಿತು: ಒಂದು ತಿಂಗಳೊಳಗೆ ಕೇಂದ್ರ ಏನೂ ಹೇಳದಿದ್ದರೆ ಬೀಗ ತಾನಾಗಿ ಬಿಚ್ಚಿಕೊಳ್ಳತಕ್ಕದ್ದು. ಅಂದರೆ ಅನುಮಾನವಿಲ್ಲದವರಿಗೆ ಅಂದೇ ಬಂದೂಕು, ಅನುಮಾನವಿದ್ದವರಿಗೆ ಮುಂದಿನ ತಿಂಗಳು. ಇದನ್ನು ಸುಧಾರಣೆ ಎಂದು ಕರೆದರು. ಯಾರಿಗೂ ಗಂಟಲು ಬಿಗಿಯಲಿಲ್ಲ.

ಆ ನಾಲ್ವರಲ್ಲಿ ಪಲ್ಲವಿ ಒಬ್ಬಳು. ಕೇಳುವುದರಲ್ಲಿ ಅವಳ ಕಿವಿಗೆ ಸಮನಾದ ಕಿವಿ ಕೇಂದ್ರದಲ್ಲಿ ಇರಲಿಲ್ಲ. ಹೊಸಪೇಟೆ ಕಡೆಯ ಒಬ್ಬ ಮುದುಕಿ "ಮಗ ಚೆನ್ನಾಗಿ ನೋಡ್ಕೊಂತಾನೆ" ಎಂದದ್ದನ್ನು ಕೇಳಿ, ಈಕೆ ಹಸಿದಿದ್ದಾಳೆ ಎಂದು ಹೇಳಿದವಳು. ವಿಚಾರಿಸಿದರೆ ಹಾಗೇ ಇತ್ತು. ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದಳೆಂದರೆ ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ಮನೆಯ ಅಡುಗೆಕೋಣೆಯಲ್ಲಿ ಹೋಗಿ ಕೂತಂತೆ ಇರುತ್ತಿದ್ದಳು. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಕೇಂದ್ರದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಎಲ್ಲೂ ಬರೆದಿಟ್ಟದ್ದಲ್ಲ, ಯಾರೂ ಕಲಿಸಿದ್ದಲ್ಲ. ನೆಂಟರ ಅರ್ಜಿ ಸರದಿಯಲ್ಲಿ ಬಂದರೆ ಕೇಳುಗರು ಅದನ್ನು ಒಪ್ಪುತ್ತಲೂ ಇರಲಿಲ್ಲ, ತಳ್ಳುತ್ತಲೂ ಇರಲಿಲ್ಲ. ಬೇರೆಯವರಿಗೆ ಕೊಡುತ್ತಲೂ ಇರಲಿಲ್ಲ. ಕೊಟ್ಟರೆ ಮನೆಯ ಮಾತು ಸಹೋದ್ಯೋಗಿಗಳ ಕಿವಿಗೆ ಬೀಳುತ್ತದಲ್ಲ. ಸರದಿಯಲ್ಲಿ ಅದನ್ನು ಕೆಳಕ್ಕೆ ಸರಿಸಿಬಿಡುವುದು. ಪ್ರತಿದಿನ ಮತ್ತೆ ಮೇಲೆ ಬರುತ್ತದೆ, ಪ್ರತಿದಿನ ಸರಿಸುವುದು. ತಿಂಗಳು ತುಂಬಿ ಬೀಗ ತಾನಾಗಿ ಬಿಚ್ಚಿಕೊಂಡರೆ ಯಾರ ಹೆಸರೂ ಎಲ್ಲೂ ಇರುವುದಿಲ್ಲ. ಕೇಳಿದರೆ ಹೇಳಲು ಮಾತಿದೆ: ಸಿಬ್ಬಂದಿ ಇಲ್ಲ. ಇದಕ್ಕೆ ಅವರು ಕೆಳಗಿಡುವುದು ಎನ್ನುತ್ತಿದ್ದರು. ಸಂಬಂಧ ಉಳಿಸಿಕೊಳ್ಳುವ ಮರ್ಯಾದಸ್ಥ ದಾರಿ ಎಂದೇ ಎಲ್ಲರೂ ತಿಳಿದಿದ್ದರು. ಹಿರಿಯ ಕೇಳುಗರಾದ ಶಫೀವುಲ್ಲಾ ಸಾಹೇಬರು ತಮ್ಮ ಷಡ್ಡಕನ ಅರ್ಜಿಯನ್ನು ಹೀಗೇ ಕೆಳಗಿಟ್ಟಿದ್ದರು. ಪಲ್ಲವಿ ಅದನ್ನು ನೋಡಿಯೂ ನೋಡದವಳ ಹಾಗೆ ಮಂಡಕ್ಕಿ ತಿನ್ನುತ್ತಾ ಕೂತಿದ್ದಳು.

ಒಂದು ಸೋಮವಾರ ಅವಳ ಸರದಿಯಲ್ಲಿ ಬಂದ ವಿಳಾಸ ಅವಳ ಅಣ್ಣನದು.

ಅಣ್ಣ ಯತೀಶ ಸೈನ್ಯದಿಂದ ನಿವೃತ್ತನಾಗಿ ಬಂದವನು. ಬ್ಯಾಂಕೊಂದರಲ್ಲಿ ಕಾವಲಿನ ಕೆಲಸ ಗೊತ್ತಾಗಿತ್ತು. ಯಂತ್ರಗಳು ಎಷ್ಟೇ ಬಂದಿದ್ದರೂ ಬ್ಯಾಂಕಿನ ಬಾಗಿಲಲ್ಲಿ ಮೀಸೆ ಇರುವ ಒಬ್ಬ ಮನುಷ್ಯ ಬಂದೂಕು ಹಿಡಿದು ನಿಂತರೇ ಜನಕ್ಕೆ ಧೈರ್ಯ. ಆದರೆ ಬಂದೂಕು ಸ್ವಂತದ್ದಿರಬೇಕು, ಪರವಾನಗಿ ಸ್ವಂತದ್ದಿರಬೇಕು, ಕೆಲಸ ಮುಗಿದ ಮೇಲೆ ಅದು ಅವನ ಜೊತೆ ಮನೆಗೆ ಬರಬೇಕು. ಅರ್ಜಿ ಹಾಕಿರುವುದು ಪಲ್ಲವಿಗೆ ಗೊತ್ತಿತ್ತು. ಅಂದೇ ಬಿಚ್ಚಿಕೊಳ್ಳುವ ಬೀಗ ಅದು, ತನ್ನ ತನಕ ಯಾಕೆ ಬರುತ್ತದೆ ಎಂದುಕೊಂಡಿದ್ದಳು.

ಕೇಳಬಾರದಿತ್ತು. ಕೇಳದೆ ಕೆಳಗಿಡುವುದೇ ಪದ್ಧತಿ. ಆದರೆ ಕಿವಿಯ ಜಂಬ ಬಿಡಬೇಕಲ್ಲ.

ಮೊದಲು ಅವ್ವನ ದನಿ. "ನನ್ನ ಮಗ ಬಂಗಾರ. ಅವನ ಬಗ್ಗೆ ಏನ್ ಕೇಳ್ತೀರಿ?" ಯಂತ್ರ ಅಲ್ಲಿ ಯಾವ ಗುರುತೂ ಹಾಕಿರಲಿಲ್ಲ. ಆಮೇಲೆ ಯತೀಶನ ದನಿ. "ಈ ಮನೆಯಲ್ಲಿ ಕೋಪ ಬಂದಾಗ ಯಾರಾದರೂ ಕೈಗೆ ಏನಾದರೂ ಎತ್ತಿಕೊಂಡದ್ದುಂಟೆ?" ಎಂದು ಪೆಟ್ಟಿಗೆ ಕೇಳಿದಾಗ, "ಇಲ್ಲ ಸರ್" ಎಂದ, ಪರೇಡಿನಲ್ಲಿ ಹೇಳಿದಂತೆ. ಉಸಿರು ನೀಟಾಗಿತ್ತು. ಮೂರನೆಯದು ಅತ್ತಿಗೆ ಅಶ್ವಿನಿಯ ದನಿ.

ಅದೇ ಪ್ರಶ್ನೆ. ಹಿಂದೆ ಎಲ್ಲೋ ಕುಕ್ಕರು ಕೂಗಿತು. ಯಾರದ್ದೋ ಬಳೆಯ ಸದ್ದು, ಅವ್ವನದೇ ಇರಬೇಕು, ಪಕ್ಕದಲ್ಲೇ ಕೂತಿದ್ದಾಳೆ. ಅತ್ತಿಗೆಯ ಉಸಿರು ಒಳಗೆ ಹೋಯಿತು, ಅಲ್ಲೇ ನಿಂತಿತು. "ಇಲ್ಲ... ಹಂಗೇನಿಲ್ಲ" ಎಂದಳು. ಪೆಟ್ಟಿಗೆ ಮುಂದಿನ ಪ್ರಶ್ನೆ ಕೇಳಿತು: "ಬಂದೂಕು ಮನೆಯಲ್ಲಿದ್ದರೆ ನಿಮಗೆ ನಿದ್ದೆ ಬರುತ್ತದೆಯೆ?" ಈ ಸಲ ಇನ್ನೂ ದೀರ್ಘವಾದ ಮೌನ. "ನಿದ್ದೆಗೇನು," ಎಂದಳು ಅತ್ತಿಗೆ. "ಬರ್ತೈತಿ."

ಪಲ್ಲವಿ ಹೆಡ್‌ಫೋನು ತೆಗೆದಿಟ್ಟಳು. ನೀರು ಕುಡಿದು ಬಂದು ಮತ್ತೆ ಕೇಳಿದಳು. ಮತ್ತೊಮ್ಮೆ ಕೇಳಿದಳು.

ಗೊತ್ತಿಲ್ಲದವರ ದನಿಯಾಗಿದ್ದರೆ ಮೊದಲ ಸಲಕ್ಕೇ ಬೇಡ ಎಂದು ಬರೆದು ಮುಗಿಸುತ್ತಿದ್ದಳು. ಸಂಶಯವೇ ಇರಲಿಲ್ಲ. ಈ ಹೆಂಗಸು ಹೆದರಿ ಬದುಕುತ್ತಿದ್ದಾಳೆ, ಆ ಹೆದರಿಕೆಯನ್ನು ಹೇಳಿಕೊಳ್ಳಲು ನಾಚುತ್ತಿದ್ದಾಳೆ. ಮಾಡಿದವನಿಗೆ ಸಂಕೋಚವಿಲ್ಲ, ಹೆತ್ತವಳಿಗೆ ಸಂಕೋಚವಿಲ್ಲ, ಇಡೀ ಮನೆಯ ಪಾಲಿನ ಸಂಕೋಚವನ್ನು ಒಬ್ಬಳೇ ಹೊತ್ತುಕೊಂಡು ಕೂತಿದ್ದಾಳೆ. ಪಲ್ಲವಿಯನ್ನು ನಿಜವಾಗಿ ಕುಗ್ಗಿಸಿದ್ದು ಅದಲ್ಲ. ವಾರ ವಾರವೂ ಆ ಮನೆಯಲ್ಲಿ ಊಟ ಮಾಡುವವಳು ಅವಳು. ಅತ್ತಿಗೆಯ ಕೈಗೆ ಬಟ್ಟೆ ಸುತ್ತಿದ್ದನ್ನು ನೋಡಿದ್ದಾಳೆ. ಒಡೆದ ಕನ್ನಡಿ, ಕಿತ್ತುಬಂದ ಕಪಾಟಿನ ಬಾಗಿಲು ನೋಡಿದ್ದಾಳೆ. "ಕೈ ಜಾರಿ ಬಿತ್ತು" ಎಂದು ಅತ್ತಿಗೆ ಅಂದಾಗಲೆಲ್ಲ, "ನಿಮ್ಮತ್ತಿಗೆ ಕೈಯಾಗೆ ಒಂದೂ ನಿಲ್ಲಂಗಿಲ್ಲ ಬಿಡು" ಎಂದು ಅವ್ವ ಅಂದರೆ ಇವಳೂ ಜೊತೆಗೆ ನಕ್ಕಿದ್ದಾಳೆ. ಅತ್ತಿಗೆಯ ಜಾರುವ ಕೈ ಆ ಮನೆಯ ಹಳೇ ತಮಾಷೆ. ಹೊಸಪೇಟೆಯ ಮುದುಕಿಯ ಹಸಿವು ಕೇಳಿಸಿದ ಕಿವಿಗೆ ಇದು ಕೇಳಿಸಿರಲಿಲ್ಲ. ಕೇಳಿಸಿಕೊಳ್ಳಲಿಲ್ಲ ಎನ್ನುವುದೇ ಸರಿ.

ಶಫೀವುಲ್ಲಾ ಸಾಹೇಬರು ತಮ್ಮ ಖುರ್ಚಿಯಿಂದಲೇ ಅವಳ ಮುಖ ನೋಡಿದರು. "ನಿಮ್ಮೋರದಾ?" ಎಂದರು.

"ಹೌದ್ರಿ."

"ಕೆಳಗಿಡ್ರಿ." ಎಷ್ಟು ಮೆತ್ತಗೆ ಹೇಳಿದರೆಂದರೆ, ಮಗುವಿಗೆ ಜ್ವರ ಬಂದಾಗ ಮಾತ್ರೆ ಹೇಳಿದ ಹಾಗಿತ್ತು.

ಕೆಳಗಿಟ್ಟಳು.

ಆ ವಾರ ಅಣ್ಣನ ಮನೆಗೆ ಹೋಗದೆ ಇರೋಣ ಎಂದುಕೊಂಡಳು. ಹೋಗದಿದ್ದರೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಬರುತ್ತದೆ, ಹೋದಳು. ಯತೀಶ ಬಾಗಿಲಲ್ಲೇ ನಿಂತಿದ್ದ. ತಂಗಿಯನ್ನು ಕಂಡರೆ ಅವನ ಮುಖ ಈಗಲೂ ಅರಳುತ್ತದೆ. ಅಪ್ಪ ಸತ್ತಾಗ ಅವಳನ್ನು ಓದಿಸಿದವನು ಅವನು. ಅವಳ ಗಂಡ ಬಿಟ್ಟುಹೋದಾಗ ಗಡಿಯಿಂದ ರಜೆ ಹಾಕಿ ಓಡಿ ಬಂದು, ಬೀದಿಯವರು ಆಡಿಕೊಳ್ಳುವ ಮುಂಚೆ ಅವಳ ಸಾಮಾನು ಹೇರಿಕೊಂಡು ಬಂದವನೂ ಅವನೇ. ಅವಳ ಮೇಲೆ ಒಂದು ದಿನ ಕೈ ಎತ್ತಿದವನಲ್ಲ, ದನಿಯನ್ನೂ ಎತ್ತಿದವನಲ್ಲ. ಈ ಅಣ್ಣನೂ ಅತ್ತಿಗೆಯನ್ನು ಹೆದರಿಸಿಟ್ಟ ಗಂಡನೂ ಒಬ್ಬನೇ ಎಂಬುದನ್ನು ಅವಳ ತಲೆ ಒಪ್ಪಿದರೂ ಕರುಳು ಒಪ್ಪುತ್ತಿರಲಿಲ್ಲ.

"ಪಲ್ಲೂ, ನಂದು ಎಲ್ಲಿಗೆ ಬಂತವ್ವ? ಬ್ಯಾಂಕಿನೋರು ದಿನಾ ಕೇಳ್ತಾರೆ."

"ಜನ ಇಲ್ಲಣ್ಣ. ನಾಕೇ ಜನ. ತಡ ಆಗ್ತೈತಿ."

"ಆಗ್ಲಿ ಬಿಡು. ತಿಂಗಳಿಗೆ ತಾನಾಗೇ ಬಿಚ್ಕೊಂತೈತಲ್ಲ," ಎಂದು ನಕ್ಕ. ಅವನಿಗೆ ಕಾನೂನು ಗೊತ್ತಿತ್ತು. ಈಗ ಎಲ್ಲರಿಗೂ ಗೊತ್ತು.

ಅಡುಗೆಕೋಣೆಯಲ್ಲಿ ಅತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. ಪಲ್ಲವಿ ಬಂದು ಕಟ್ಟೆಗೆ ಒರಗಿ ನಿಂತಳು. ಎಂದಿನಂತೆ ತಟ್ಟೆ ಒರೆಸಿಟ್ಟಳು. ಅತ್ತಿಗೆಯ ಕೈ ನೋಡಬಾರದೆಂದುಕೊಂಡು ನೋಡಿದಳು.

"ನಮ್ಮನೀದು ಯಾರ್ ಕೇಳ್ತಾರೆ ಪಲ್ಲವಿ?" ಎಂದಳು ಅತ್ತಿಗೆ, ಹೆಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯದೆ.

"ಯಾರಿಗೋ ಹೋಗ್ತೈತಿ ಅತ್ತಿಗೆ. ಹೇಳಾಕೆ ಬರಂಗಿಲ್ಲ."

"ನಿನಗೂ ಬರಬಹುದಲ್ಲ?"

"ಬಂದ್ರೂ ಬರಬಹುದು. ಮನೆಯೋರದು ನಾವು ಕೇಳಂಗಿಲ್ಲ," ಎಂದಳು ಪಲ್ಲವಿ. ಕೇಳಬಾರದು ಎಂಬ ನಿಯಮ ಕೇಂದ್ರದಲ್ಲಿ ಇರಲೇ ಇಲ್ಲ; ನಾಲ್ಕು ಜನರಿಗೆ ಅಂಥ ನಿಯಮ ಪಾಲಿಸಲು ಪುರುಸೊತ್ತೆಲ್ಲಿ? ಅತ್ತಿಗೆ ರೊಟ್ಟಿ ತಿರುವಿಹಾಕಿದಳು, ಮತ್ತೇನೂ ಕೇಳಲಿಲ್ಲ. ಆ ಮಾತು ಬಾಯಿಂದ ಹೊರಡುವ ಮುಂಚೆ ತನ್ನ ಗಂಟಲು ಬಿಗಿದದ್ದು ಪಲ್ಲವಿಗೆ ಚೆನ್ನಾಗಿ ಗೊತ್ತಾಯಿತು.

ಮುಂದಿನ ದಿನಗಳಲ್ಲಿ ಅವಳು ಕೆಲಸ ಮಾಡಿದಷ್ಟು ಯಾರೂ ಮಾಡಲಿಲ್ಲ. ಊಟದ ಹೊತ್ತಿನಲ್ಲೂ ಹೆಡ್‌ಫೋನು ತೆಗೆಯಲಿಲ್ಲ. ಹಾವೇರಿ ಕಡೆಯ ಒಬ್ಬಳು "ನಮ್ಮ ಯಜಮಾನ್ರು ದೇವರಂಥವ್ರು" ಎಂದ ದನಿ ಕೇಳಿ ಆ ಅರ್ಜಿ ತಳ್ಳಿದಳು. ರಾಣೆಬೆನ್ನೂರಿನ ತಮ್ಮನೊಬ್ಬನ ದನಿಯಲ್ಲಿ ಆಸ್ತಿ ಜಗಳ ಕೇಳಿಸಿತು, ಅದನ್ನೂ ತಳ್ಳಿದಳು. ಸಂಕೋಚ ಬರೀ ಬಡತನದ್ದು ಎಂದು ತಿಳಿದ ಕಡೆ ತಡಮಾಡದೆ ಒಪ್ಪಿಗೆ ಕೊಟ್ಟಳು. ಕಾದು ಕಾದು ಸಾಕಾಗಿದ್ದ ಎಷ್ಟೋ ಬಡವರ ಬೀಗ ಅವಳಿಂದ ಬಿಚ್ಚಿಕೊಂಡಿತು. ಇಷ್ಟು ಮಾಡಿದರೆ ಅದೊಂದಕ್ಕೆ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳೋ ಏನೋ. ಪ್ರತಿ ಬೆಳಿಗ್ಗೆ ಆ ವಿಳಾಸ ಮೇಲೆ ಬಂದಿರುತ್ತಿತ್ತು, ಪ್ರತಿ ಬೆಳಿಗ್ಗೆ ಕೆಳಕ್ಕೆ ಸರಿಸುತ್ತಿದ್ದಳು. ಒಂದೆರಡು ಸಲ ಬೇಡ ಎಂದು ಬರೆಯಲು ಹೋದಳು. ಬರೆದರೆ ಕೆಳಗೆ ತನ್ನ ಹೆಸರು ಬೀಳುತ್ತದೆ. ಅಣ್ಣನ ಕೆಲಸ ಹೋಗುತ್ತದೆ. ಅವ್ವ ಬಾಗಿಲು ಹಾಕಿಕೊಳ್ಳುತ್ತಾಳೆ. ಅತ್ತಿಗೆಗೆ ಅದೇ ರಾತ್ರಿ ಏನಾಗಬಹುದೋ ಎಂಬ ಯೋಚನೆಯೂ ಬಂತು. ತಾನು ಅಂಜುತ್ತಿರುವುದು ಅತ್ತಿಗೆಗಾಗಿ ಎಂದುಕೊಳ್ಳಲು ಅದು ಅನುಕೂಲವಾಗಿತ್ತು, ಅದಕ್ಕೇ ಬಂತು.

ತಿಂಗಳು ತುಂಬಿತು. ಬೀಗ ತಾನಾಗಿ ಬಿಚ್ಚಿಕೊಂಡಿತು.

ಯತೀಶ ಅಂದೇ ಫೋನು ಮಾಡಿ ಊಟಕ್ಕೆ ಕರೆದ. ಪಲ್ಲವಿ ಹೋದಾಗ ಪಡಸಾಲೆಯಲ್ಲಿ ಅವನ ಹಳೆಯ ಇಬ್ಬರು ಸೈನ್ಯದ ಗೆಳೆಯರು ಕೂತಿದ್ದರು. ಮಣೆಯ ಮೇಲೆ ಬಂದೂಕು ಮಲಗಿಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಅವ್ವ ಆರತಿ ಎತ್ತುತ್ತಿದ್ದಳು. "ನಿನ್ನ ಕೈಲೂ ಒಂದು ಹೂವು ಏರಿಸೆ," ಎಂದಳು. ಪಲ್ಲವಿ ಏರಿಸಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಯತೀಶ ಪೇಡೆಯ ತಟ್ಟೆ ಹಿಡಿದು ಅವಳನ್ನು ಕಿಟಕಿಯ ಹತ್ತಿರ ಕರೆದ. ಬೇರೆಯವರಿಗೆ ಕೇಳದ ಹಾಗೆ ಹೇಳಿದ: "ನಂಗೊತ್ತು ಪಲ್ಲೂ. ನಿನಗೇ ಬಂದಿತ್ತು."

ಅವಳು ತಿರುಗಿ ಅಡುಗೆಕೋಣೆಯ ಬಾಗಿಲು ನೋಡಿದಳು.

"ನಿಮ್ಮತ್ತಿಗೆ ಅವತ್ತು ಪೆಟ್ಟಿಗೆ ಮುಂದೆ ತಡವರಿಸಿದಾಗಲೇ ನಂಗೆ ತಿಳೀತು, ಇದು ಕೇಂದ್ರಕ್ಕೆ ಹೋಗ್ತೈತಿ ಅಂತ. ಬೇರೆಯೋರ ಕಿವಿಗೆ ಬಿದ್ದಿದ್ರೆ ತಳ್ಳಿರೋರು. ನೀನು ಸುಮ್ನಿದ್ದು ಉಪಕಾರ ಮಾಡ್ದಿ. ನಮ್ಮ ಮನೆ ಮರ್ಯಾದೆ ಉಳೀತು." ಅವಳ ಬಾಯಿಗೆ ತಾನೇ ಪೇಡೆ ಇಟ್ಟ. ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು, ತಂಗಿಯ ಮೇಲಿನ ಪ್ರೀತಿಯದ್ದು. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಈ ಉಪಕಾರದ ಮಾತು ಕೇಳಿ ನಿಂತಲ್ಲೇ ನೆಲಕ್ಕಿಳಿದು ಹೋಗಬೇಕೆನಿಸಿತು. ಪೇಡೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅಡುಗೆಕೋಣೆಗೆ ಹೋದಳು.

ಅಲ್ಲಿ ಅತ್ತಿಗೆ ಒಬ್ಬಳೇ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಪಲ್ಲವಿಯ ಮುಖ ನೋಡಿ ಈಳಿಗೆ ಬಿಟ್ಟೆದ್ದಳು. ಕೈ ಒರೆಸಿಕೊಂಡು ಅವಳ ಭುಜ ಹಿಡಿದಳು.

"ಯಾಕೆ ಹಿಂಗೆ ಸಪ್ಪಗಿದ್ದಿ? ನಿಂದೇನು ತಪ್ಪು ಐತಿ ಇದರಾಗೆ?"

"ಅತ್ತಿಗೆ..."

"ನಾಕೇ ಜನ ಅಂತ ಅವತ್ತು ನಿಮ್ಮಣ್ಣಗೆ ಅಂದ್ಯಲ್ಲ. ನಾಕ್ ಜನ ಎಷ್ಟು ಅಂತ ಕೇಳ್ತೀರಿ?" ದನಿ ತಗ್ಗಿಸಿದಳು. "ಈಗ ಹೇಳ್ತೀನಿ ಕೇಳು. ಅವತ್ತು ಅತ್ತೆ ಪಕ್ಕದಾಗೆ ಕುಂತಿದ್ರು, ನಿಮ್ಮಣ್ಣ ಬಾಗಿಲಾಗೆ ನಿಂತಿದ್ರು. ಬಾಯಿ ಬಿಟ್ಟು ಏನಂತ ಹೇಳ್ಲಿ? ಆದ್ರೆ ಪೆಟ್ಟಿಗಿಗೆ ಉಸಿರು ಕೇಳ್ತೈತಿ ಅಂತ ಗೊತ್ತಿತ್ತು. ಅದಕ್ಕೇ ಮುಚ್ಚಿಡಾಕೆ ಹೋಗ್ಲಿಲ್ಲ. ಗಂಟಲಿಗೆ ಬಂದದ್ದನ್ನ ಹಂಗೇ ಬಿಟ್ಟೆ. ಹೆಂಗಾರ ಮಾಡಿ ಇದು ಪಲ್ಲವಿ ಕಿವಿಗೆ ಬೀಳಲಿ ದೇವರೇ ಅಂದ್ಕೊಂಡೆ. ನಿನಗೆ ಬಿದ್ದಿದ್ರೆ ನೀನು ಬಿಡ್ತಿರಲಿಲ್ಲ. ನಮ್ಮ ಹಣೆಬರ, ಯಾರ ಕಿವಿಗೂ ಬೀಳ್ಲಿಲ್ಲ."

ಪಡಸಾಲೆಯಲ್ಲಿ ಗೆಳೆಯರು ಯಾವುದೋ ಮಾತಿಗೆ ಜೋರಾಗಿ ನಕ್ಕರು. ಅತ್ತಿಗೆ ಇವಳ ಭುಜದ ಮೇಲಿನ ಕೈ ಇನ್ನೂ ತೆಗೆದಿರಲಿಲ್ಲ. ಆ ಮನೆಯಲ್ಲಿ ಹೆದರಿ ಬದುಕುವವಳು, ಹೆದರುವ ಕಾರಣವೇ ಇಲ್ಲದವಳನ್ನು ಸಮಾಧಾನ ಮಾಡುತ್ತಾ ನಿಂತಿದ್ದಳು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಎಲ್ಲವೂ ಸರಿಹೋಗುತ್ತಿತ್ತು, ಪಲ್ಲವಿಯ ಹೆಸರು ಎಲ್ಲೂ ಬರುತ್ತಿರಲಿಲ್ಲ.

"ಬಿದ್ದಿತ್ತು ಅತ್ತಿಗೆ," ಎಂದಳು.

"ಏನು?"

"ನನ್ನ ಕಿವಿಗೇ ಬಿದ್ದಿತ್ತು. ಕೇಳ್ದೆ. ಮೂರು ಸಲ ಕೇಳ್ದೆ."

ಅತ್ತಿಗೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ತಿಳೀಲಿಲ್ಲೇನು?" ಎಂದಳು, ಇನ್ನೂ ಇವಳ ಪರವಾಗಿಯೇ.

"ಮೊದಲನೇ ಸಲಕ್ಕೇ ತಿಳೀತು."

ಭುಜದ ಮೇಲಿನ ಕೈ ಹೋಯಿತು. ಅತ್ತಿಗೆ ಹಿಂದಕ್ಕೆ ಸರಿದು ಕಟ್ಟೆಗೆ ಒರಗಿದಳು. ಬೈಯಲಿಲ್ಲ, ಅಳಲಿಲ್ಲ. ಅಪರಿಚಿತರ ಮನೆಗೆ ಬಂದವಳ ಹಾಗೆ ತನ್ನದೇ ಅಡುಗೆಕೋಣೆಯನ್ನು ಒಮ್ಮೆ ನೋಡಿದಳು. ಆಮೇಲೆ ಕೆಲಸದ ಮಾತು ಕೇಳಿದಳು.

"ಈಗ ಮತ್ತೆ ಬೀಗ ಹಾಕಾಕೆ ಬರಂಗಿಲ್ಲೇನು?"

"ಬರ್ತೈತಿ. ನೀನು ಹೇಳಿಕೆ ಕೊಡ್ಬೇಕು. ಇಬ್ಬರು ಕೇಳುಗರು ಕೇಳಿ ಸಹಿ ಮಾಡ್ಬೇಕು. ನಾನು ನಾಳೇನೇ ಮಾಡ್ತೀನಿ. ಇನ್ನೊಂದು ಸಹಿಗೆ ಬಳ್ಳಾರಿ ಕೇಂದ್ರಕ್ಕೆ ಹೋಗ್ತೈತಿ. ಮನೆಯೋರು ಕೆಲಸ ಮಾಡೋ ಕೇಂದ್ರ ಆದ್ರೆ ಎರಡನೇ ಸಹಿ ಬೇರೆ ಕೇಂದ್ರದ್ದೇ ಆಗಬೇಕು."

"ಎಷ್ಟು ದಿನ ಆಗ್ತೈತಿ?"

ಪಲ್ಲವಿಗೆ ಉತ್ತರ ಗೊತ್ತಿತ್ತು. ಬಳ್ಳಾರಿಯಲ್ಲಿ ಒಬ್ಬರೇ ಉಳಿದಿದ್ದರು. ಅವರ ಮುಂದೆ ಕಾದಿದ್ದ ಸರದಿ ಒಂದು ವರ್ಷದಷ್ಟು ಉದ್ದವಿತ್ತು. ಬಿಚ್ಚಿಕೊಳ್ಳುವುದಕ್ಕೆ ತಿಂಗಳ ಗಡುವು ಇಟ್ಟವರು ಮುಚ್ಚುವುದಕ್ಕೆ ಯಾವ ಗಡುವನ್ನೂ ಇಟ್ಟಿರಲಿಲ್ಲ. "ಹೇಳಾಕೆ ಬರಂಗಿಲ್ಲ ಅತ್ತಿಗೆ," ಎಂದಳು. "ಅಲ್ಲಿ ಜನ ಇಲ್ಲ."

ಈ ಸಲ ಅದು ನಿಜವಾಗಿತ್ತು. ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಯಾವ ಯಂತ್ರವೂ ಯಾರನ್ನೂ ಅಷ್ಟು ಸೂಕ್ಷ್ಮವಾಗಿ ನೋಡಿರಲಾರದು. ನಂಬಿದಳೋ ಬಿಟ್ಟಳೋ ಗೊತ್ತಾಗಲಿಲ್ಲ.

ಅತ್ತಿಗೆ ಒಲೆ ಆರಿಸಿದಳು. ಕೋಸಂಬರಿಗೆ ಉಪ್ಪು ಹಾಕಿ ಕಲಸಿ ಮುಚ್ಚಿಟ್ಟಳು. ಒಳಗೆ ಹೋಗಿ ಬರುವಾಗ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಪಡಸಾಲೆಯಲ್ಲಿ ನಿಂತು ಅತ್ತೆಗೆ, "ಹರಿಹರಕ್ಕೆ ಹೋಗಿ ಬರ್ತೀನಿ, ಅಕ್ಕಗೆ ಹುಷಾರಿಲ್ಲ, ಫೋನು ಬಂದಿತ್ತು. ಅಡುಗಿ ಎಲ್ಲ ಮಾಡಿಟ್ಟೀನಿ," ಎಂದಳು. ಗೆಳೆಯರ ಮುಂದೆ ಯತೀಶ ದೊಡ್ಡಸ್ತಿಕೆಯಲ್ಲಿದ್ದ. ಬಂದೂಕು ಹೆಗಲಿಗಿಟ್ಟು ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದು ತೋರಿಸುತ್ತಿದ್ದವನು, ಅದನ್ನು ಇಳಿಸದೆಯೇ ಅವಳತ್ತ ತಿರುಗಿದ. ನಳಿಗೆಯೂ ಅವನ ಜೊತೆ ತಿರುಗಿತು. "ಹೋಗಿ ಬಾ. ನಾಳೆ ಬಂದ್ಬಿಡು," ಎಂದ. ಗೆಳೆಯನೊಬ್ಬ ನಳಿಗೆಯನ್ನು ಪಕ್ಕಕ್ಕೆ ಸರಿಸುತ್ತಾ, "ಹುಷಾರಪ್ಪಾ," ಎಂದು ನಕ್ಕ. ಎಲ್ಲರೂ ನಕ್ಕರು.

ಅತ್ತಿಗೆ ಮೆಟ್ಟಿಲಿಳಿಯುವವರೆಗೂ ಉಸಿರು ಬಿಡಲಿಲ್ಲ. ಅದು ಪಲ್ಲವಿಗೆ ಕೇಳಿಸಿತು.

ಪಲ್ಲವಿ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿದಳು. ಚೀಲ ಕೊಡು ಎಂದಳು, ಅತ್ತಿಗೆ ಕೊಡಲಿಲ್ಲ. "ನಮ್ಮನೀಗೆ ಬಾ ಅತ್ತಿಗೆ. ನನ್ನ ಹತ್ರ ಇರು. ಅಣ್ಣ ಬಂದ್ರೆ ನಾನು ಮಾತಾಡ್ತೀನಿ," ಎಂದಳು. ಮಾತಾಡುತ್ತೀನಿ ಎಂಬ ಮಾತು ಬೀದಿಯಲ್ಲಿ ಎಷ್ಟು ಹಗುರಾಗಿ ಕೇಳಿಸಿತೆಂದರೆ ಅವಳಿಗೇ ಅಸಹ್ಯವಾಯಿತು.

"ಬ್ಯಾಡ," ಎಂದಳು ಅತ್ತಿಗೆ. ಅಷ್ಟೇ. ಬಸ್‌ಸ್ಟ್ಯಾಂಡಿನವರೆಗೆ ಪಲ್ಲವಿ ಒಂದು ಹೆಜ್ಜೆ ಹಿಂದೆಯೇ ನಡೆದಳು.

ಹರಿಹರದ ಬಸ್ಸು ನಿಂತಿತ್ತು. ಅತ್ತಿಗೆ ಹತ್ತಿ ಕಿಟಕಿಯ ಪಕ್ಕ ಕೂತಳು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪಲ್ಲವಿ ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಳು. ನಾಳೆಯೇ ಕೇಂದ್ರದಲ್ಲಿ ಹೇಳಿಕೆಗೆ ಏರ್ಪಾಡು ಮಾಡುತ್ತೇನೆಂದಳು, ಬಳ್ಳಾರಿಗೆ ತಾನೇ ಹೋಗಿ ಆ ಒಬ್ಬ ಕೇಳುಗರ ಕಾಲು ಹಿಡಿಯುತ್ತೇನೆಂದಳು, ಅಣ್ಣನಿಗೆ ತಾನೇ ಹೇಳುತ್ತೇನೆಂದಳು. ಅತ್ತಿಗೆ ಕೇಳಿಸಿಕೊಂಡಳು. ಕಂಡಕ್ಟರು ಸೀಟಿ ಊದಿದ.

"ಅತ್ತಿಗೆ, ಅಲ್ಲಿ ಏನಾರ ಆದ್ರೆ ಫೋನ್ ಮಾಡು. ಯಾವ ಹೊತ್ತಾದ್ರೂ ಮಾಡು."

ಅತ್ತಿಗೆ ಅವಳ ಬೆರಳುಗಳನ್ನು ಒಂದೊಂದಾಗಿ ಸರಳಿನಿಂದ ಬಿಡಿಸಿದಳು, ಬಸ್ಸು ಹೊರಟಾಗ ನೋವಾಗಬಾರದೆಂಬ ಹಾಗೆ ಮೆಲ್ಲಗೆ.

"ಮಾಡಿದ್ರೆ ಏನ್ ಮಾಡ್ತಿ ಪಲ್ಲವಿ?" ಎಂದಳು. "ಮೂರು ಸಲ ಕೇಳ್ತೀಯಾ?"

ಬಸ್ಸು ಹೊರಟಿತು.